ಯಾಕೆ ಅಂತಾನೂ ಸ್ವಲ್ಪ ಹೇಳ್ರಪ್ಪಾ

ಫೋಟೋ ಎಡಿಟಿಂಗ್ ಸ್ವಂತವಾಗಿ ಕಲಿಯೋಣ ಅಂತ ಯಾವ ವಿಡಿಯೋ ತೆರೆದರೂ ಒಂದೇ ರಾಗ. ಹೈಲೈಟ್ಸ್ (ಬೆಳಕಿನ ಭಾಗ) ಇಳಿಸಿ, ಶ್ಯಾಡೋಸ್ (ಕತ್ತಲಿನ ಭಾಗ) ಏರಿಸಿ, ಕ್ಲಾರಿಟಿ ಸ್ವಲ್ಪ ಜಾಸ್ತಿ ಮಾಡಿ, ಮುಗಿಯಿತು. ಯಾಕೆ ಇಳಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಅಂತ ಯಾರೂ ಬಾಯಿ ಬಿಡುವುದಿಲ್ಲ.

ವಿಡಿಯೋ ಮಾಡುವವರ ಮುಂದೆ ಇರುವುದು ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದ ಮಾಹಿತಿಯನ್ನ ಹೆಚ್ಚುಕಮ್ಮಿ ಹಾಗೇ ಇಟ್ಟುಕೊಂಡ ಫೈಲ್. ನಮ್ಮ ಹತ್ರ ಇರುವುದು ಮೊಬೈಲ್ ಕುಗ್ಗಿಸಿ ಕೊಟ್ಟ ಜೆಪೆಗ್. ರಾ ಫೈಲ್‌ನಲ್ಲಿ ಸಾಮಾನ್ಯವಾಗಿ 12 ಅಥವಾ 14 ಬಿಟ್ ಮಾಹಿತಿ ಇರುತ್ತದೆ, ಜೆಪೆಗ್‌ನಲ್ಲಿ 8 ಬಿಟ್, ಅಂದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಬರೀ 256 ಹಂತ. ಅದರಲ್ಲಿ ಅವರಷ್ಟೇ ಶ್ಯಾಡೋಸ್ ಏರಿಸಿದರೆ ಕತ್ತಲಿರುವ ಕಡೆಯೆಲ್ಲ ಕಾಳು ಕಾಳು, ಸಂಜೆಯ ಆಕಾಶ ಪಟ್ಟೆ ಪಟ್ಟೆ. ಇದನ್ನ ಮೊದಲೇ ಹೇಳಬೇಕು ಅಲ್ವಾ? ಹೇಳದೇ ಇದ್ದರೆ ಕಲಿಯುವವರು ತಮಗೇ ಕೈ ಕೂಡಿಬರುತ್ತಿಲ್ಲ ಅಂತ ಕೊರಗುತ್ತಾರೆ, ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಹಿಸ್ಟೋಗ್ರಾಮ್, ಅಂದರೆ ಫೋಟೋದಲ್ಲಿ ಕತ್ತಲೆಷ್ಟು ಬೆಳಕೆಷ್ಟು ಅಂತ ಗುಡ್ಡದ ಹಾಗೆ ತೋರಿಸುವ ನಕ್ಷೆ, ಪರದೆಯ ಮೂಲೆಯಲ್ಲೇ ಇರುತ್ತದೆ. ಎಡಗಡೆ ಕತ್ತಲು, ಬಲಗಡೆ ಬೆಳಕು. ಗುಡ್ಡ ಬಲಗಡೆಯ ಅಂಚಿಗೆ ಒತ್ತಿಕೊಂಡಿದ್ದರೆ ಬೆಳಕಿನ ಭಾಗದ ವಿವರ ಹೋಯಿತು ಅಂತ ಲೆಕ್ಕ. ಹೇಳೋಕೆ ಅರ್ಧ ನಿಮಿಷ ಸಾಕು. ಅದಕ್ಕೆ ಪುರುಸೊತ್ತಿಲ್ಲ, ಪ್ರೀಸೆಟ್ (ಒಂದೇ ಒತ್ತಿಗೆ ಹಾಕುವ ಸಿದ್ಧ ಎಡಿಟಿಂಗ್) ಮಾರೋಕೆ ಬೇಕಾದಷ್ಟು ಹೊತ್ತು ಇದೆ!

ಇನ್ನು ಮುಖದ ಎಡಿಟಿಂಗ್ ಅಂದರೆ ಬೆಳ್ಳಗೆ ಮಾಡುವುದೇ ಪಾಠ. ಚರ್ಮದ ಸಣ್ಣ ಗೆರೆಯೂ ಉಳಿಯದ ಹಾಗೆ ಸುಮ್ನೆ ಉಜ್ಜುತ್ತಾರೆ. ನಮ್ಮ ಜನರ ಕಪ್ಪು, ಗೋಧಿ ಬಣ್ಣದ ಮುಖ ಇದ್ದ ಹಾಗೇ ಕಾಣಬೇಕಾದರೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹಾಗೆ ಫೋಟೋದ ಬಣ್ಣ ಸರಿಮಾಡುವುದು) ಹೇಗೆ ಹೊಂದಿಸಬೇಕು ಅಂತ ಹೇಳಿಕೊಡಿ ಮಾರಾಯ್ರೆ, ಎಷ್ಟು ಉದ್ದದ ವಿಡಿಯೋ ಆದರೂ ಕೂತು ನೋಡುತ್ತೇವೆ.