ನಮ್ಮನೇಲಿ ಯಾರೂ ಕುಡಿಯಲ್ಲ

ಕೆನಡಾದ ವ್ಯಾಂಕೂವರ್‌ನಲ್ಲಿ ಜ್ವರದ ಮಾತ್ರೆ ತರೋಕೆ ಹೋಗಿದ್ದೆ. ಔಷಧಿ ಅಂಗಡಿಯ ಹುಡುಗಿ ಬಿಲ್ ಮಾಡುತ್ತಾ, "ನಲೋಕ್ಸೋನ್ ಕಿಟ್ ಬೇಕಾ?" ಅಂದಳು. ಪುಟ್ಟ ಕಪ್ಪು ಡಬ್ಬಿ. ಒಳಗೆ ಔಷಧಿಯ ಸಣ್ಣ ಸೀಸೆಗಳು, ಸಿರಿಂಜು, ಕೈಗವಸು. ಫೆಂಟನಿಲ್ ಅನ್ನೋ ಮಾದಕ ವಸ್ತು ಜಾಸ್ತಿಯಾಗಿ ಉಸಿರು ನಿಲ್ಲುತ್ತಿರುವವರನ್ನು ಉಳಿಸುವ ಮದ್ದು. ದುಡ್ಡಿಲ್ಲ, ಹೆಸರೂ ಕೇಳಲಿಲ್ಲ. "ನನಗಲ್ಲ" ಅನ್ನೋಕೆ ಬಾಯಿ ತೆರೆದೆ. ಯಾರಿಗೆ ಅಂತ ಅವಳು ಕೇಳಿಯೇ ಇರಲಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ಅರಸೀಕೆರೆ ಹತ್ತಿರದ ಮಾವನ ಮನೆಗೆ ಆರೋಗ್ಯ ಸಮೀಕ್ಷೆಯವರು ಬಂದಿದ್ದರು. ಜಗಲಿ ಮೇಲೆ ಕೂತ ಅಕ್ಕ ಫಾರಂ ನೋಡಿಕೊಂಡು, "ಮನೇಲಿ ಕುಡಿಯೋರು ಇದಾರಾ?" ಅಂದರು. ಅತ್ತೆ ಕಾಫಿ ಲೋಟ ಕೊಡುತ್ತಾ, "ಇಲ್ಲಮ್ಮ, ನಮ್ಮನೇಲಿ ಯಾರೂ ಕುಡಿಯಲ್ಲ" ಅಂದರು. ಹಗಲು ಹನ್ನೊಂದು ಗಂಟೆ. ಮಾವ ನಡುಮನೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದರು. ಆ ಅಕ್ಕ ನನ್ನ ಮುಖ ನೋಡಿದರು. ನಾನೂ ಇಲ್ಲ ಅಂತ ತಲೆ ಆಡಿಸಿದೆ. ಲಿವರ್ ಹೋಗಿ ಮಾವ ತೀರಿಕೊಂಡಾಗಲೂ ಬಂದವರಿಗೆಲ್ಲ ಕಾಮಾಲೆ ಅಂದೆವು.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ಕುಡಿತದ ಕಾಯಿಲೆ ಇರುವ 100 ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಇಲ್ಲ. ಅತ್ತೆಯ ಹಾಗೆ "ಇಲ್ಲಮ್ಮ" ಅಂದವರು ಆ ಲೆಕ್ಕದೊಳಗೆ ಬಂದೇ ಇಲ್ಲ, ಅಲ್ವಾ?

ಇಲ್ಲಿ ವ್ಯಾಂಕೂವರ್‌ನ ಈಸ್ಟ್ ಹೇಸ್ಟಿಂಗ್ಸ್ ಬೀದಿಯಲ್ಲಿ 2003ರಿಂದ ಇನ್‌ಸೈಟ್ ಅನ್ನೋ ಕೇಂದ್ರ ಇದೆ. ಚಟ ಇರುವವರು ನರ್ಸ್‌ಗಳ ಕಣ್ಣೆದುರೇ ಡ್ರಗ್ಸ್ ಚುಚ್ಚಿಕೊಳ್ಳಬಹುದು, ಹೆಚ್ಚುಕಮ್ಮಿಯಾದರೆ ಅವರೇ ಉಳಿಸುತ್ತಾರೆ. ಈ ಭಾಗದಲ್ಲಿ ಮಾದಕ ವಸ್ತು ಬಳಸುವವರದೇ ಸಂಘವೂ ಇದೆ, ವ್ಯಾಂಡು ಅಂತ. ಎಷ್ಟೋ ಅಧ್ಯಯನಗಳಲ್ಲಿ ಅದೇ ಚಟ ಕಂಡವರು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಟ್ಟವರ ಸಮಯಕ್ಕೆ ದುಡ್ಡು ಕೊಡುತ್ತಾರೆ. ಅಂಥವರ ಮುಂದೆ ಸುಳ್ಳು ಹೇಳುವ ಅಗತ್ಯವೇನು? ನಮ್ಮ ಜಗಲಿಗೂ ಕುಡಿತ ಬಿಟ್ಟ ಒಬ್ಬರು ಬಂದು ಕೂತಿದ್ದರೆ ಅತ್ತೆ ಬಾಯಿ ಬಿಡುತ್ತಿದ್ದರು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಆದರೂ ಹೇಳಲೇಬೇಕು. ಇಷ್ಟೆಲ್ಲ ಇದ್ದೂ 2023ರಲ್ಲಿ ಈ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2,500ಕ್ಕೂ ಜಾಸ್ತಿ ಜನ ವಿಷ ಬೆರೆತ ಡ್ರಗ್ಸ್‌ಗೆ ಸತ್ತರು. ಬಹಳ ಮಂದಿ ಸಾಯುವಾಗ ಒಬ್ಬರೇ ಇದ್ದರು. ಹೇಸ್ಟಿಂಗ್ಸ್‌ನಲ್ಲಿ ಮಳೆಯಲ್ಲಿ ನೆನೆದ ಹೊದಿಕೆಯೊಳಗೆ ಮುದುರಿಕೊಂಡವರನ್ನು ನೋಡಿದಾಗ ಮಾವ ನೆನಪಾಗುತ್ತಾರೆ. ಅವರು ರಾತ್ರಿ ಎಷ್ಟೊತ್ತಿಗೆ ಬಂದರೂ ಒಲೆ ಪಕ್ಕ ಮುದ್ದೆ, ಸಾರು ಮುಚ್ಚಿಟ್ಟಿರುತ್ತಿತ್ತು. ಅತ್ತೆ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ.