ಮತ ಕೇಳಿದವರು ಮಾತನ್ನೂ ಆಡಬೇಕು

ಕನ್ನಡ ವಿಕಿಪೀಡಿಯದಲ್ಲಿ ಬಹಳ ವರ್ಷಗಳಿಂದ ಬರೆಯುತ್ತಿರುವ ಗೆಳೆಯರೊಬ್ಬರು ಕೇಳಿದರು: "ಈ ಬೋರ್ಡ್ ಎಲೆಕ್ಷನ್ನಿಗೆ ನಾನ್ಯಾಕ್ರೀ ವೋಟ್ ಹಾಕ್ಬೇಕು? ಗೆದ್ದ ಮೇಲೆ ಅವರು ಏನು ಮಾಡ್ತಾರೆ ಅಂತ ನಮಗೆ ಯಾರಾದ್ರೂ ಹೇಳ್ತಾರಾ?"

ಆ ಪ್ರಶ್ನೆ ನನ್ನನ್ನು 2015ಕ್ಕೆ ಕರೆದೊಯ್ದಿತು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನಿನ ಟ್ರಸ್ಟಿ ಮಂಡಳಿಗೆ, ಅಂದರೆ ಗೆಳೆಯರು ಹೇಳಿದ ಬೋರ್ಡಿಗೆ, ಆ ವರ್ಷ ಸಂಪಾದಕರು (ವಿಕಿಯಲ್ಲಿ ಬರೆಯುವ, ತಿದ್ದುವ ಸ್ವಯಂಸೇವಕರು) ಮತ ಹಾಕಿ ಮೂವರನ್ನು ಆರಿಸಿದ್ದರು. ಅವರಲ್ಲೊಬ್ಬರು ಕೆನಡಾದ ತುರ್ತು ಚಿಕಿತ್ಸಾ ವೈದ್ಯ ಜೇಮ್ಸ್ ಹೈಲ್‌ಮನ್. ವೈದ್ಯಕೀಯ ಲೇಖನಗಳನ್ನು ವರ್ಷಗಟ್ಟಲೆ ತಿದ್ದಿ ಬೆಳೆಸಿದವರು. ಏಳು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 28ರಂದು, ಮಂಡಳಿ ಅವರನ್ನು ತೆಗೆದುಹಾಕಿತು. ಹತ್ತರಲ್ಲಿ ಎಂಟು ಮತ ತೆಗೆಯುವುದರ ಪರ. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು, ನಿಜ. ಆದರೆ ಯಾಕೆ? ವಿಶ್ವಾಸ ಉಳಿದಿಲ್ಲ ಎಂದು ಮಂಡಳಿ ಹೇಳಿತು. ಇನ್ನಷ್ಟು ಪಾರದರ್ಶಕತೆ ಬೇಕೆಂದು ಒತ್ತಾಯಿಸಿದ್ದೆ ಎಂದು ಹೈಲ್‌ಮನ್ ಹೇಳಿದರು. ಮತ ಹಾಕಿದವರು ನಡುವೆ ನಿಂತು ಊಹಿಸುತ್ತಾ ಕೂತರು. ಅವರು ಬಹಿರಂಗವಾಗಲಿ ಎಂದಿದ್ದವುಗಳಲ್ಲೊಂದು, ವಿಕಿಮೀಡಿಯದ ಹೊಸ ಹುಡುಕಾಟ ಯೋಜನೆಯೊಂದಕ್ಕೆ ಅಮೆರಿಕದ ದತ್ತಿ ಸಂಸ್ಥೆ ನೈಟ್ ಫೌಂಡೇಶನ್ ಕೊಟ್ಟ 2,50,000 ಡಾಲರಿನ ಅನುದಾನದ ಪತ್ರ. ಅದು ಹೊರಬಂದದ್ದು 2016ರ ಫೆಬ್ರುವರಿಯಲ್ಲಿ. ಅದೇ ತಿಂಗಳ ಕೊನೆಗೆ ವಿಕಿಮೀಡಿಯದ ಕಾರ್ಯನಿರ್ವಾಹಕ ನಿರ್ದೇಶಕಿ ರಾಜೀನಾಮೆ ಪ್ರಕಟಿಸಿದರು. 2017ರಲ್ಲಿ ಸಂಪಾದಕರು ಹೈಲ್‌ಮನ್ ಅವರನ್ನು ಮತ್ತೆ ಆರಿಸಿ ಕಳಿಸಿದರು.

ಹೈಲ್‌ಮನ್ ಮಾಡಿದ್ದೆಲ್ಲ ಸರಿ ಎಂದು ನಾನು ವಾದಿಸುತ್ತಿಲ್ಲ. ಮಂಡಳಿಯೊಳಗೆ ಗುಟ್ಟಾಗಿಯೇ ಇರಬೇಕಾದ ಸಂಗತಿಗಳಿರುತ್ತವೆ, ಸಿಬ್ಬಂದಿಯ ವಿಚಾರವಂತೂ ಹೌದು. ಆದರೆ "ಇಷ್ಟು ಹೇಳಬಹುದು, ಇಷ್ಟು ಹೇಳಲಾಗದು, ಕಾರಣ ಇದು" ಎಂದು ಅದೇ ದಿನ ಹೇಳಿಬಿಟ್ಟರೆ ಜನ ಒಪ್ಪುತ್ತಾರೆ. ಸಂಬಳವಿಲ್ಲದೆ ರಾತ್ರಿ ಹನ್ನೊಂದಕ್ಕೆ ಕೂತು ಲೇಖನ ತಿದ್ದುವವರಿಗೆ ಸಂಸ್ಥೆ ಕೊಡಬೇಕಾದ ಕೂಲಿ ಅದೊಂದೇ.

ನಮ್ಮ ಊರಿನ ಸಂಘಗಳೂ ಬೇರೆಯಲ್ಲ. "ಅವಿರೋಧ ಆಯ್ಕೆ" ಎಂದು ಹೆಮ್ಮೆಯಿಂದ ಪತ್ರಿಕೆಗೆ ಫೋಟೋ ಕಳಿಸುತ್ತೇವೆ. ನಾನಿದ್ದ ಸಂಘವೊಂದರಲ್ಲಿ ಹೆಸರುಗಳ ಪಟ್ಟಿ ಹಿಂದಿನ ರಾತ್ರಿಯೇ ಯಾರದೋ ಮನೆಯಲ್ಲಿ ತಯಾರಾಗಿತ್ತು. ಸರ್ವಸದಸ್ಯರ ಸಭೆಯಲ್ಲಿ ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು, ಐದು ನಿಮಿಷದಲ್ಲಿ ಕಾಫಿ ಬಂತು. ನಾನೂ ಕೈ ಎತ್ತಿದ್ದೆ. ಅದು ಈಗಲೂ ನನ್ನನ್ನು ಕಾಡುತ್ತದೆ. ಜಗಳ ಆಗಬಾರದೆಂದು ಸುಮ್ಮನಿದ್ದೆವು. ಜಗಳವೇನೋ ಆಗಲಿಲ್ಲ, ಮುಂದಿನ ವರ್ಷ ಅರ್ಧ ಜನ ಬರಲೂ ಇಲ್ಲ.

ಆ ದೃಷ್ಟಿಯಿಂದ ವಿಕಿಯ ಚುನಾವಣೆ ನನಗೆ ಅಮೂಲ್ಯ. ಹಿಂದೆ ನಡೆದ ಚುನಾವಣೆಗಳಲ್ಲಿ ಮುನ್ನೂರು ಸಂಪಾದನೆ (ಲೇಖನ ಬರೆದದ್ದು, ತಿದ್ದಿದ್ದು), ಅದರ ಜೊತೆಗೆ ಇತ್ತೀಚಿನ ತಿಂಗಳುಗಳಲ್ಲಿ ಇಪ್ಪತ್ತು ಸಂಪಾದನೆ ಇದ್ದರೆ ಮತ ಸಿಗುತ್ತಿತ್ತು. ಪುತ್ತೂರಿನ ಮೇಷ್ಟರಿಗೂ ಬರ್ಲಿನ್ನಿನ ಎಂಜಿನಿಯರಿಗೂ ಒಂದೊಂದೇ ಮತ. ಆದರೆ ಅಭ್ಯರ್ಥಿಗಳ ಇಂಗ್ಲಿಷ್ ಹೇಳಿಕೆಗಳನ್ನು ಓದಿ ಅರ್ಥ ಮಾಡಿಕೊಳ್ಳಲಾಗದವರ ಮತಕ್ಕೆ ಅಷ್ಟೇ ತೂಕ ಬರುವುದು ಹೇಗೆ? ಹೇಳಿಕೆಗಳು ಕನ್ನಡಕ್ಕೆ ಬರುವಷ್ಟು, ಓದಿ ಪ್ರಶ್ನೆ ಕೇಳುವಷ್ಟು ಸಮಯ ಮತದಾನಕ್ಕೆ ಮುಂಚೆ ಸಿಗಲೇಬೇಕು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಬರಬೇಕು.

ಗೆಳೆಯರಿಗೆ ಅದನ್ನೇ ಹೇಳಿದೆ. ಪ್ರಶ್ನೆಯನ್ನು ಅರಳಿ ಕಟ್ಟೆಯಲ್ಲಿ (ಕನ್ನಡ ವಿಕಿಪೀಡಿಯದ ಚರ್ಚಾ ಪುಟ) ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷ್ ಮಾಡಿ ಮುಟ್ಟಿಸುವ ಕೆಲಸ ನನ್ನದು ಎಂದೆ. ರಾತ್ರಿಯೇ ಬರೆದು ಕಳಿಸಿದರು, ಎರಡನೇ ಬಾರಿ ನಿಲ್ಲುವವರಿಗೆ: "ಕಳೆದ ಅವಧಿಯಲ್ಲಿ ನೀವು ಯಾವ ತೀರ್ಮಾನವನ್ನು ವಿರೋಧಿಸಿದಿರಿ? ಯಾಕೆ?"