ಕಟ್ಟಿನ ಪಲ್ಲೆದಿಂದ ಶುರು ಮಾಡ್ರಿ

ಸಂತಿಗೆ ಕರಕೊಂಡು ಹೋಗಿ ಮಕ್ಕಳಿಗೆ ಕೂಡಿಸೋದು ಕಲಿಸ್ರಿ ಅಂತ ನಿಮ್ಮ ಲೇಖನದಾಗ ಬರದೀರಿ, ಖರೆ ಅದ. ಆದರ ಟೊಮೆಟೊ ತೂಕದಿಂದ ಶುರು ಮಾಡ್ರಿ ಅಂದಿದ್ದು ನನಗ ಒಪ್ಪಿಗಿಲ್ಲ. ಕಿಲೋಕ್ಕ 30 ಅಂದ್ರ ಪಾವಕಿಲೋಕ್ಕ ಏಳೂವರಿ. ಅದು ಭಾಗಾಕಾರ ಆತು, ಆರು ವರ್ಷದ ಕೂಸಿಗೆ ಯಾಕ ಬೇಕ್ರಿ?

ನಾನು ಮಗಳನ್ನ ಐತವಾರ ಕಲಬುರಗಿ ಕಣ್ಣಿ ಮಾರ್ಕೆಟ್‌ಗೆ ಕರಕೊಂಡು ಹೋಗ್ತೀನಿ. ಮೊದಲು ಕಟ್ಟಿನ ಲೆಕ್ಕದ್ದಷ್ಟೇ: ಮೆಂತ್ಯೆ, ಪುಂಡಿಪಲ್ಲೆ, ಕೊತ್ತಂಬರಿ. ಒಂದ್ ಸಲ ಮೆಂತ್ಯೆ ಕಟ್ಟಿಗೆ 15 ರೂಪಾಯಿ, ಕೊತ್ತಂಬರಿ ಕಟ್ಟಿಗೆ 5 ಇತ್ತು. ಅಕಿ ಒಂದರಿಂದ ಎಣಿಸ್ಕೋತ ಹೋಗಿ, ಹತ್ತು ಬಟ್ಟು ಮುಗದ ಮ್ಯಾಲ ನನ್ನ ಕೈ ನೋಡ್ತಿದ್ಲು. ಪಲ್ಲೆ ಮಾರೋ ಆಯಿನೇ ಹೇಳಿದಳು, “ದೊಡ್ಡದು ತಲ್ಯಾಗ ಇಟ್ಕೊ ಯವ್ವಾ, ಸಣ್ಣದಷ್ಟೇ ಬಟ್ಟಿನ ಮ್ಯಾಲ ಎಣಿಸು.” ಹದಿನಾರು, ಹದಿನೇಳು... ಇಪ್ಪತ್ತು! ನಾನು ತಿಂಗಳಗಟ್ಟಲೆ ಹೇಳಿದ್ದು ತಲಿಗೆ ಹೋಗಿರಲಿಲ್ಲ.

50ರ ನೋಟು ಕೊಟ್ಟಾಗ ಆಯಿ ಕಳಿಯೋ ಗೋಜಿಗೇ ಹೋಗಲಿಲ್ಲ. “ಇಪ್ಪತ್ತು ಆತು” ಅಂದು ಹತ್ತರ ಒಂದೊಂದೇ ನೋಟು ಮಗಳ ಅಂಗೈಯಾಗ ಇಟ್ಟಳು: ಮೂವತ್ತು, ನಲವತ್ತು, ಐವತ್ತು. ಚಿಲ್ಲರೆನೂ ಕೂಡಿಸೋ ಲೆಕ್ಕನೇ ಆತು ನೋಡ್ರಿ.

ಅದಕ್ಕ ಫೋನ್ ಕಿಸೇದಾಗೇ ಇರಲಿ. ಸ್ಕ್ಯಾನ್ ಮಾಡಿದ್ರ ಕೂಸಿಗೆ ‘ಟಿಣ್’ ಅನ್ನೋ ಸಪ್ಪಳ ಅಷ್ಟೇ ಗೊತ್ತಾಗ್ತದ. ಮತ್ತ ಮುಂಜಾನೆನೇ ಹೋಗ್ರಿ. ಗದ್ದಲದಾಗ ಹಿಂದ ನಿಂತವರು “ಲಗೂ ಮಾಡ್ರಿ ಅಕ್ಕಾರ” ಅಂದ್ರ ಲೆಕ್ಕ ನಾವೇ ಮಾಡಿಬಿಡ್ತೀವಿ.